‘ಇರಬಹುದು’ ಕೇಳಿಸುವಂತೆ ಓದಿ

ಕಥೆ, ಕಾದಂಬರಿಯ ಆಡಿಯೋ ಪುಸ್ತಕಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕೇಳುವುದು ಬೇರೆ ಜಾತಿಯವು: ಇತಿಹಾಸ, ವಿಜ್ಞಾನ, ಆತ್ಮಕಥೆ, ಪ್ರವಾಸ, ಕಾಯಿಲೆ ಮತ್ತು ಔಷಧಿಗಳ ಚರಿತ್ರೆ. ನಡೆದದ್ದನ್ನು, ಇರುವುದನ್ನು ಹೇಳುವ ಪುಸ್ತಕಗಳು. ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು, ಚೂಡಿದಾರ, ಫಾಲ್ಸು, ಪಿಕೋ, ಕುಚ್ಚು. ಬೆಳಿಗ್ಗೆಯಿಂದ ರಾತ್ರಿವರೆಗೆ ಕಣ್ಣು, ಕೈ, ಕಾಲು ಮೂರಕ್ಕೂ ಕೆಲಸ, ಕಿವಿಗೆ ಮಾತ್ರ ಪುರಸೊತ್ತು. ಆ ಪುರಸೊತ್ತಿನಲ್ಲಿ ಇಂಗ್ಲಿಷು, ಕನ್ನಡ ಎರಡರಲ್ಲೂ ಕೇಳುತ್ತಾ ಬಂದಿದ್ದೇನೆ. ಈಗ ಒಂದಷ್ಟು ಅಭಿಪ್ರಾಯಗಳು ಗಟ್ಟಿಯಾಗಿವೆ, ಅವನ್ನು ಬರೆದಿಡೋಣ ಅಂತ ಕೂತಿದ್ದೇನೆ.

ಬಿ.ಎ.ಯಲ್ಲಿ ಇತಿಹಾಸ ಓದುವಾಗ ನಮಗೊಬ್ಬರು ಮೇಷ್ಟ್ರಿದ್ದರು. ಯಾರು ಏನೇ ಉತ್ತರ ಹೇಳಲಿ, ಸರಿಯೋ ತಪ್ಪೋ ಹೇಳುವ ಮುಂಚೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಅದು ನಿಂಗ ಹೆಂಗ್ ಗೊತ್ತಾತವ್ವ?’ ಪುಸ್ತಕದಲ್ಲಿ ಐತ್ರಿ ಸರ್ ಅಂದರೆ, ಪುಸ್ತಕ ಬರೆದವರಿಗೆ ಹೆಂಗ್ ಗೊತ್ತಾತು ಅನ್ನೋರು. ನಿಜ ಸಂಗತಿಯ ಪುಸ್ತಕ ಹಿಡಿದಾಗಲೆಲ್ಲ ನನಗೆ ಆ ಪ್ರಶ್ನೆಯೇ ಮುಂದೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಇಂಥ ಪುಸ್ತಕದ ಜೀವ ಇರುವುದೇ ಅಲ್ಲಿ. ಏನಾಯಿತು ಅನ್ನುವುದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಅದು ಹೇಗೆ ತಿಳಿಯಿತು, ಎಷ್ಟು ಖಾತ್ರಿ, ಎಲ್ಲಿಂದ ಮುಂದೆ ಊಹೆ ಅನ್ನುವುದಕ್ಕೇ ಪುಸ್ತಕ ಬೇಕು. ಆಡಿಯೋ ಪುಸ್ತಕದಲ್ಲಿ ಅದು ಉಳಿದಿದೆಯೋ ಹೋಗಿದೆಯೋ ನೋಡಿಯೇ ನಾನು ಒಳ್ಳೆಯದು, ಕೆಟ್ಟದ್ದು ಅನ್ನುವುದು.

ಮೊದಲು ಯಾವಾಗ ಏನು ಕೇಳುತ್ತೇನೆ ಅಂತ ಹೇಳಿಬಿಡುತ್ತೇನೆ. ಕಟಿಂಗ್ ಮಾಡುವಾಗ ಏನೂ ಕೇಳುವುದಿಲ್ಲ. ಅಳತೆ ಬ್ಲೌಸು ಪಕ್ಕದಲ್ಲಿಟ್ಟುಕೊಂಡು ಬಟ್ಟೆಗೆ ಕತ್ತರಿ ಹಾಕುವ ಹೊತ್ತಿಗೆ ತಲೆ ಪೂರ್ತಿ ಅಲ್ಲೇ ಇರಬೇಕು. ಮಿಷನ್ ಮೇಲೆ ಕೂತಾಗ ಆತ್ಮಕಥೆ ನಡೆಯುತ್ತದೆ, ಒಂದೆರಡು ವಾಕ್ಯ ತಪ್ಪಿದರೂ ಎಳೆ ತಪ್ಪುವುದಿಲ್ಲ. ಓವರ್‌ಲಾಕ್ ಶುರುವಾದರೆ ಆ ಸದ್ದಿನಲ್ಲಿ ಎಂಥ ದನಿಯೂ ಮುಳುಗುತ್ತದೆ, ಆಫ್ ಮಾಡಿಬಿಡುತ್ತೇನೆ.

ಎಲ್ಲಕ್ಕಿಂತ ಒಳ್ಳೆಯ ಹೊತ್ತು ಕುಚ್ಚು ಕಟ್ಟುವಾಗಿನದು. ಸೀರೆಯ ಸೆರಗನ್ನು ಮೇಜಿನ ಅಂಚಿಗೆ ಎಳೆದು, ಜಾರದ ಹಾಗೆ ಮೇಲೆ ಭಾರ ಇಟ್ಟು, ರೇಷ್ಮೆ ದಾರದ ಎಳೆಗಳನ್ನು ಒಟ್ಟು ಮಾಡಿ ಸೂಜಿಗೆ ಪೋಣಿಸುವುದು. ಅಂಚಿನಲ್ಲಿ ಬೆರಳಗಲಕ್ಕೊಂದರಂತೆ ಎಳೆದು, ಮಣಿ ಕೂಡಿಸಿ, ಜರಿ ದಾರದಿಂದ ಕುತ್ತಿಗೆ ಬಿಗಿದು, ತುದಿಯನ್ನು ಸಮ ಮಾಡಿ ಕತ್ತರಿಸುವುದು. ಕೈಗೆ ಲಯ ಸಿಕ್ಕಿತೆಂದರೆ ಸದ್ದಿಲ್ಲ, ಅವಸರವಿಲ್ಲ, ಲೆಕ್ಕವೂ ಬೆರಳಿಗೇ ಗೊತ್ತು. ದುಗ್ಗಮ್ಮನ ಜಾತ್ರೆ ಹತ್ತಿರ ಬಂದಾಗ ಸೆರಗುಗಳ ರಾಶಿಯೇ ಇರುತ್ತದೆ. ಕಷ್ಟದ ಪುಸ್ತಕಗಳನ್ನು ನಾನು ಆ ದಿನಗಳಿಗೆ ಅಂತಲೇ ತೆಗೆದಿಟ್ಟಿರುತ್ತೇನೆ. ಜೀವಕೋಶ, ಭೂಮಿಯ ಪದರ, ಶಾಸನ, ನಾಣ್ಯ ಎಲ್ಲ ನನ್ನ ತಲೆಗೆ ಹೋಗಿರುವುದು ಕುಚ್ಚಿನ ಜೊತೆಗೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅನುಮಾನ, ಊಹೆ, ನಿರಾಕರಣೆ ಎಲ್ಲ ಬಾಲದಲ್ಲೇ ಕೂತಿರುತ್ತವೆ: ‘ಇರಬಹುದು’, ‘ಎಂದು ತೋರುತ್ತದೆ’, ‘ಎನ್ನಲಾಗಿದೆ’, ‘ಎನ್ನಲು ಆಧಾರವಿಲ್ಲ’. ನಮ್ಮಲ್ಲಿ ಓದುವವರಿಗೋ ವಾಕ್ಯದ ಮೊದಲರ್ಧಕ್ಕೆ ಒತ್ತು ಕೊಟ್ಟು, ಕೊನೆಗೆ ಬರುವಷ್ಟರಲ್ಲಿ ದನಿ ಇಳಿಸಿ, ಉಸಿರು ಬಿಟ್ಟು, ಮುಂದಿನ ವಾಕ್ಯಕ್ಕೆ ಹಾರುವ ಅಭ್ಯಾಸ. ಕಥೆ ಓದುವಾಗ ಇದರಿಂದ ದೊಡ್ಡ ನಷ್ಟ ಇಲ್ಲ. ‘ಅವಳು ಬಾಗಿಲು ತೆರೆದಳು’ ಅನ್ನುವಾಗ ‘ಳು’ ನುಂಗಿದರೂ ಬಾಗಿಲು ತೆರೆದೇ ಇರುತ್ತದೆ. ಇತಿಹಾಸ, ವಿಜ್ಞಾನ ಓದುವಾಗ ಮಾತ್ರ ಬಾಲ ನುಂಗಿದರೆ ಊಹೆಯೆಲ್ಲ ಸತ್ಯವಾಗಿ ಕಿವಿಗೆ ಬೀಳುತ್ತದೆ.

ನಮ್ಮ ಕಡೆಯದೇ ಒಂದು ಉದಾಹರಣೆ ನೋಡಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಭೈರವೇಶ್ವರನ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಚಿಕ್ಕ ಶಾಸನ, ಅಕ್ಷರ ಬಹಳ ಸವೆದಿವೆ. 1929ರಲ್ಲಿ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದ ಎಂ.ಎಚ್. ಕೃಷ್ಣ ಅದನ್ನು ಓದಿ, ಕೆರೆ ಕಟ್ಟಿಸಿದ ಮಾತಿನ ಜೊತೆಗೆ ಮಯೂರಶರ್ಮ ಗೆದ್ದ ಮನೆತನಗಳ ಪಟ್ಟಿಯೂ ಅದರಲ್ಲಿದೆ ಎಂದರು. ಆಭೀರರು, ಪಲ್ಲವರು, ಪುನ್ನಾಟದವರು, ಹೀಗೆ ಬಹಳ ದೂರದವರೆಗಿನ ಹೆಸರುಗಳು. ಆ ಪಾಠವನ್ನು ವಿದ್ವಾಂಸರೆಲ್ಲ ಒಪ್ಪಿಲ್ಲ. ಈಗ ಒಬ್ಬ ಲೇಖಕರು ಹೀಗೆ ಬರೆದಿದ್ದಾರೆ ಅಂತಿಟ್ಟುಕೊಳ್ಳಿ: ‘ಮಯೂರಶರ್ಮನ ಅಧಿಕಾರ ಉತ್ತರದಲ್ಲಿ ಅಷ್ಟು ದೂರ ಹಬ್ಬಿತ್ತೆಂದು ಸವೆದುಹೋದ ಈ ಒಂದು ಶಾಸನದಿಂದಲೇ ಹೇಳಲಾಗದು.’ ಕೊನೆಯ ‘ಹೇಳಲಾಗದು’ ಕೇಳಿಸದಿದ್ದರೆ ಆ ಲೇಖಕರು ಬರೆದದ್ದಕ್ಕೆ ಪೂರ್ತಿ ಉಲ್ಟಾ ನನ್ನ ತಲೆಯಲ್ಲಿ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಅನುಮಾನದ ಮಾತು ಬಹುಮಟ್ಟಿಗೆ ಮುಂಚೆಯೇ ಬಂದುಬಿಡುವುದರಿಂದ ಅವರಿಗೆ ಈ ತೊಂದರೆ ಇಷ್ಟಿಲ್ಲ. ಅವರಿಂದ ಓದುವ ಧಾಟಿ ಕಲಿತವರು ಅದನ್ನು ಹಾಗೇ ಕನ್ನಡಕ್ಕೆ ತಂದರೆ ಕೆಲಸ ಕೆಡುತ್ತದೆ.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. ಆಕಾಶವಾಣಿಯ ಹಳೇ ವಾರ್ತಾವಾಚಕರನ್ನು ಕೇಳಿದವರಿಗೆ ಗೊತ್ತು: ‘ತಿಳಿಸಿದ್ದಾರೆ’, ‘ಎಂದು ತಿಳಿದುಬಂದಿದೆ’, ‘ಇನ್ನೂ ಖಚಿತವಾಗಿಲ್ಲ’ ಅನ್ನುವ ಕೊನೆಯ ಪದ ಅವರ ಬಾಯಲ್ಲಿ ಮೊದಲ ಪದದಷ್ಟೇ ಸ್ಪಷ್ಟ. ನಮ್ಮ ಮನೆಯಲ್ಲಿ ಭದ್ರಾವತಿ ಕೇಂದ್ರ ಹಾಕಿರುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದ್ದರೂ ವಾರ್ತೆಯ ವಾಕ್ಯ ಪೂರ್ತಿ ಕೇಳುತ್ತಿತ್ತು. ದನಿ ದೊಡ್ಡದಾಗಿರಲಿಲ್ಲ. ವಾಕ್ಯ ಮುಗಿಯುವ ತನಕ ಅವರು ಅದನ್ನು ಕೈಬಿಡುತ್ತಿರಲಿಲ್ಲ, ಅಷ್ಟೇ. ಯಾರು ಹೇಳಿದ್ದು, ಎಷ್ಟು ಖಚಿತ ಅನ್ನುವುದೇ ಸುದ್ದಿಯ ಅರ್ಧ ಭಾಗ ಅನ್ನುವ ಶಿಸ್ತು ಆ ಓದಿನಲ್ಲಿತ್ತು.

ಹಿನ್ನೆಲೆ ಸಂಗೀತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋಟೆ ಮುತ್ತಿಗೆಯ ಅಧ್ಯಾಯಕ್ಕೆ ನಗಾರಿ, ಬರಗಾಲದ ಅಧ್ಯಾಯಕ್ಕೆ ಸಾರಂಗಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ನನಗೆ ಏನನ್ನಿಸಬೇಕು ಎಂದು ಸಂಗೀತ ಮೊದಲೇ ತೀರ್ಮಾನ ಮಾಡಿಬಿಟ್ಟರೆ ಆಧಾರ ಕೇಳುವ ಮನಸ್ಸು ಮಂಕಾಗುತ್ತದೆ. ದನಿ ಬದಲಾಯಿಸಿ ನಟಿಸುವುದೂ ಹಾಗೇ. ಹೈದರಾಲಿಯ ಮಾತಿಗೆ ಗಡಸು ಕಂಠ ತರುವ ಬದಲು, ಆ ಮಾತನ್ನು ಯಾವ ದಾಖಲೆಯಿಂದ ತೆಗೆದುಕೊಂಡದ್ದು ಅನ್ನುವ ಸಾಲನ್ನು ನಿಧಾನವಾಗಿ ಓದಿದರೆ ನನಗೆ ಹೆಚ್ಚು ಸಂತೋಷ.

ಊರಿನ ಹೆಸರು, ಜನರ ಹೆಸರು ಸರಿಯಾಗಿ ಉಚ್ಚರಿಸುವುದು ಓದುವವರ ಕನಿಷ್ಠ ಜವಾಬ್ದಾರಿ. ಇಂಗ್ಲಿಷಿನ ಒಂದು ಇತಿಹಾಸ ಪುಸ್ತಕದಲ್ಲಿ ಓದುವವರು ‘ಚಿಟಲ್‌ಡ್ರೂಗ್, ಚಿಟಲ್‌ಡ್ರೂಗ್’ ಅಂತ ಹೇಳುತ್ತಲೇ ಇದ್ದರು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಚಿತ್ರದುರ್ಗವನ್ನು ಹಾಗೆ ಬರೆದಿರುವುದು ನಿಜ. ಆದರೆ ಓದುವ ಮುಂಚೆ ಇದು ಯಾವ ಊರು, ಅಲ್ಲಿಯವರು ಏನನ್ನುತ್ತಾರೆ ಅಂತ ಒಂದು ಫೋನ್ ಮಾಡಿ ಕೇಳಿದ್ದರೂ ತಿಳಿಯುತ್ತಿತ್ತು. ಒಂದು ಹೆಸರನ್ನು ಹುಡುಕಿ ನೋಡದವರು ಆ ಪುಟದಲ್ಲಿ ಏನಿದೆ ಅಂತ ಅರ್ಥ ಮಾಡಿಕೊಂಡು ಓದುತ್ತಿದ್ದಾರೆ ಅಂತ ನಾನು ಹೇಗೆ ನಂಬಲಿ? ಅರ್ಥವಾಗಿ ಓದುವುದು, ಆಗದೇ ಓದುವುದು ಎರಡೂ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅರ್ಥವಾದವರು ‘ಆದರೆ’ ಅನ್ನುವ ಪದದ ಹತ್ತಿರ ಒಂದು ಕ್ಷಣ ನಿಲ್ಲುತ್ತಾರೆ.

ಇದೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಕ್ಷೇಮ ವಿಚಾರಿಸಿ ಶಾಸನ ಶುರುವಾಗುತ್ತದೆ, ಕೊನೆಗೆ ಬರೆದವನ ಹೆಸರೂ ಇದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ‘ಲಿಪಿಕಾರ’ (ಬರೆದವನು) ಎನ್ನುವ ಪದ ಮಾತ್ರ ವಾಯುವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ. ಆ ಒಂದು ಪದದಿಂದ ಚಪಡ ಆ ಕಡೆಯಿಂದ ಬಂದವನಿರಬಹುದು, ಇಲ್ಲವೇ ಅಲ್ಲಿನ ಲಿಪಿ ಕಲಿತವನಿರಬಹುದು ಅಂತ ತರ್ಕ ಮಾಡುತ್ತಾರೆ. ಈ ಭಾಗ ಕೇಳುತ್ತಾ ನಾನು ಸೂಜಿ ಕೆಳಗಿಟ್ಟು ಮತ್ತೆ ಮೊದಲಿಂದ ಹಾಕಿಕೊಂಡೆ. ಇನ್ನೂ ಒಂದು ಸಂಗತಿ ಇದೆ. ಒಡಿಶಾದ ಧೌಲಿಯಲ್ಲಿರುವ ಅಶೋಕನ ಪ್ರತ್ಯೇಕ ಶಾಸನ, ತನ್ನನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಕೇಳಿಸಬೇಕು, ನಡುವಿನ ದಿನಗಳಲ್ಲೂ ಕೇಳಿಸಬೇಕು, ಒಬ್ಬನೇ ಇದ್ದರೂ ಅವನು ಕೇಳಬೇಕು ಅನ್ನುತ್ತದೆ. ಕಲ್ಲಿನ ಮೇಲೆ ಬರೆಸಿದ್ದು ಕಿವಿಗೆ ಬೀಳಲಿ ಅಂತಲೇ. ‘ಕೇಳಿದರೆ ಓದಿದ ಹಾಗಾಗುತ್ತದಾ’ ಅಂತ ನನ್ನನ್ನು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆ ಪ್ರಶ್ನೆಗೆ ಸಂಶೋಧಕರ ಉತ್ತರಗಳೂ ಇವೆ, ಒಂದೇ ಕಡೆ ವಾಲುವುದಿಲ್ಲ. 2010ರಲ್ಲಿ ಡೇವಿಡ್ ಡೇನಿಯಲ್ ಮತ್ತು ವಿಲಿಯಂ ವುಡಿ ಎಂಬಿಬ್ಬರು ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಲೇಖನ ಓದಲು, ಇನ್ನೊಂದು ಗುಂಪಿಗೆ ಅದನ್ನೇ ಪಾಡ್‌ಕಾಸ್ಟ್ ಆಗಿ ಕೇಳಲು ಕೊಟ್ಟರು. ಆಮೇಲಿನ ಕಿರುಪರೀಕ್ಷೆಯಲ್ಲಿ ಓದಿದವರಿಗೆ ಸರಾಸರಿ ನೂರಕ್ಕೆ 81, ಕೇಳಿದವರಿಗೆ 59. ದೊಡ್ಡ ಅಂತರ. 2016ರಲ್ಲಿ ಬೆತ್ ರೊಗೊವ್ಸ್ಕಿ ಮತ್ತು ಜೊತೆಗಾರರು ವಯಸ್ಕರಿಗೆ ಒಂದು ನಿಜಕಥನದ ಭಾಗಗಳನ್ನು ಕೊಟ್ಟು ನೋಡಿದಾಗ, ಓದಿದವರು, ಕೇಳಿದವರು, ಎರಡೂ ಮಾಡಿದವರು ಇವರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಎರಡು ವಾರ ಬಿಟ್ಟು ಕೇಳಿದಾಗಲೂ ಇಲ್ಲ. 2022ರಲ್ಲಿ ವರ್ಜೀನಿಯಾ ಕ್ಲಿಂಟನ್-ಲಿಸೆಲ್ ಇಂಥ 46 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಒಟ್ಟಾರೆ ದೊಡ್ಡ ವ್ಯತ್ಯಾಸವಿಲ್ಲ, ಆದರೆ ಓದುವವರಿಗೆ ತಮ್ಮ ವೇಗದಲ್ಲಿ ಹೋಗಲು ಬಿಟ್ಟಾಗ ಓದಿಗೇ ಮೇಲುಗೈ.

ನನ್ನ ಅನುಭವಕ್ಕೆ ಈ ಕೊನೆಯ ಮಾತು ಸರಿಯಾಗಿ ಹೊಂದುತ್ತದೆ. ಪುಟದ ಮೇಲೆ ಕಣ್ಣು ತಾನಾಗಿಯೇ ಹಿಂದಕ್ಕೆ ಹೋಗುತ್ತದೆ, ಅರ್ಥವಾಗದ ಸಾಲಿನಲ್ಲಿ ನಿಲ್ಲುತ್ತದೆ. ದನಿ ನಿಲ್ಲುವುದಿಲ್ಲ, ನಾವೇ ನಿಲ್ಲಿಸಬೇಕು. ಹಾಗಾಗಿ ಆ್ಯಪಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಬಟನ್ನು ಹಿಂದಕ್ಕೆ ಹೋಗುವುದು. ಕೆಲವು ಕಡೆ ಅದು 10 ಸೆಕೆಂಡು, ಕೆಲವು ಕಡೆ 30. ಕಷ್ಟದ ಪುಸ್ತಕಕ್ಕೆ ಹತ್ತೇ ಸರಿ, ಒಂದು ವಾಕ್ಯದಷ್ಟು. ಇಯರ್‌ಫೋನಿನ ವೈರಿನಲ್ಲೇ ಬಟನ್ ಇರುವಂಥದ್ದು ತಗೊಳ್ಳಿ, ಕೈಯಲ್ಲಿ ದಾರ ಹಿಡಿದಿರುವಾಗ ಫೋನಿನ ಪರದೆ ಮುಟ್ಟಲಾಗುವುದಿಲ್ಲ.

ವೇಗದ ವಿಚಾರದಲ್ಲಿ ನನಗೂ ನನ್ನ ಚಿಕ್ಕಮ್ಮನ ಮಗನಿಗೂ ಸದಾ ವಾದ. ಅವನು ಚಿತ್ರದುರ್ಗದಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದಾನೆ, ಹುಟ್ಟಿನಿಂದ ದೃಷ್ಟಿ ಇಲ್ಲ. ಕಂಪ್ಯೂಟರು, ಫೋನು ಎಲ್ಲವನ್ನೂ ದನಿಯಲ್ಲೇ ನಡೆಸುವವನು. ಅವನು ಕೇಳುವ ವೇಗಕ್ಕೆ ನನಗೆ ಒಂದಕ್ಷರ ತಿಳಿಯುವುದಿಲ್ಲ. ‘ಅಕ್ಕಾ, ನೀನು ಇಷ್ಟ್ ನಿಧಾನಕ್ಕೆ ಕೇಳಿದ್ರೆ ನಿದ್ದೆ ಬರಲ್ವಾ?’ ಅನ್ನುತ್ತಾನೆ. ಅವನಿಗೆ ಅದು ಚಿಕ್ಕಂದಿನಿಂದ ಬಂದ ಪಳಗಿಕೆ, ಅವನ ಮಾತು ಅವನಿಗೆ ಸರಿ. ಹಿಂದೆ ಕ್ಯಾಸೆಟ್ಟನ್ನು ಜೋರಾಗಿ ಓಡಿಸಿದರೆ ದನಿಯೇ ಕೀಚಲಾಗುತ್ತಿತ್ತು. ಈಗ ಸಾಫ್ಟ್‌ವೇರು ದನಿಯನ್ನು ಸೆಕೆಂಡಿನ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಸ್ವಲ್ಪ ಹೊಂದಿಸಿ ಕೂಡಿಸುವುದರಿಂದ ಶ್ರುತಿ ಬದಲಾಗುವುದಿಲ್ಲ. ಕೇಳಲು ಹಿತ, ನಿಜ. ಆದರೂ ಕನ್ನಡಕ್ಕೆ ಒಂದೂಕಾಲು ಪಟ್ಟಿಗಿಂತ ಮೇಲೆ ನಾನು ಹೋಗುವುದಿಲ್ಲ. ದೀರ್ಘ, ಒತ್ತಕ್ಷರ ಎರಡೂ ಸಪೂರವಾಗಿ, ಅರ್ಥ ಹಿಡಿಯಲು ಬೇಕಾದ ಬಿಡುವು ಸಿಗುವುದಿಲ್ಲ. ಇಂಗ್ಲಿಷಿನ ಆತ್ಮಕಥೆಯಾದರೆ ಒಂದೂವರೆ ನಡೆಯುತ್ತದೆ.

ಆಡಿಯೋ ಪುಸ್ತಕ ಹೇಗಿರಬೇಕು ಅನ್ನುವುದನ್ನು ನಾನು ಕಲಿತದ್ದು ಬಹುಪಾಲು ಅವನಿಂದಲೇ. ಈ ಪುಸ್ತಕಗಳು ಹುಟ್ಟಿದ್ದೇ ಅವನಂಥವರಿಗಾಗಿ. ಅಮೆರಿಕದಲ್ಲಿ ದೃಷ್ಟಿಯಿಲ್ಲದ ವಯಸ್ಕರಿಗೆ ಪುಸ್ತಕ ಒದಗಿಸುವ ಕಾನೂನು 1931ರಲ್ಲಿ ಬಂತು, 1934ರಿಂದ ಅಲ್ಲಿನ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಪುಸ್ತಕಗಳನ್ನು ಗ್ರಾಮೊಫೋನ್ ತಟ್ಟೆಗಳಲ್ಲಿ ಹಂಚತೊಡಗಿತು. ಒಂದು ಮಗ್ಗುಲಿಗೆ ಸುಮಾರು 15 ನಿಮಿಷ, ಒಂದು ಪುಸ್ತಕಕ್ಕೆ ತಟ್ಟೆಗಳ ಕಟ್ಟೇ ಬೇಕಾಗುತ್ತಿತ್ತು. ಅಷ್ಟು ತೊಂದರೆಯಲ್ಲೂ ಪುಸ್ತಕವನ್ನು ಪೂರ್ತಿ ಓದಬೇಕು, ಓದುವವರು ತಾವು ಮುಂದೆ ಬರಬಾರದು ಅನ್ನುವ ಪದ್ಧತಿ ಬೆಳೆಯಿತು. ಆಮೇಲೆ ಡೈಸಿ ಅನ್ನುವ ವಿನ್ಯಾಸ ಬಂತು, 1996ರಲ್ಲಿ ಅದಕ್ಕೊಂದು ಅಂತಾರಾಷ್ಟ್ರೀಯ ಒಕ್ಕೂಟವೇ ಆಯಿತು. ಡೈಸಿ ಪುಸ್ತಕದಲ್ಲಿ ಅಧ್ಯಾಯಕ್ಕೆ, ಉಪಶೀರ್ಷಿಕೆಗೆ, ಪುಟದ ಸಂಖ್ಯೆಗೆ ನೇರವಾಗಿ ಹೋಗಬಹುದು. ಅಡಿಟಿಪ್ಪಣಿ ಬೇಕಾದರೆ ಕೇಳಬಹುದು, ಬೇಡವಾದರೆ ಬಿಡಬಹುದು. ಅವನು ನನ್ನೆದುರು ಕೂತು 112ನೇ ಪುಟ ಅಂತ ಒತ್ತಿ, ಅಲ್ಲಿಂದ ಓದಿಸಿ ತೋರಿಸಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ನಾವು ದುಡ್ಡು ಕೊಟ್ಟು ತಗೊಳ್ಳುವ ಆ್ಯಪುಗಳಲ್ಲಿ ಇಂದಿಗೂ ‘ಅಧ್ಯಾಯ 7’ ಅಂತ ಮಾತ್ರ ಇರುತ್ತದೆ, ಅಡಿಟಿಪ್ಪಣಿಗಳನ್ನು ಹೆಚ್ಚಿನವು ಎತ್ತಿಯೇ ಹಾಕಿರುತ್ತವೆ. ‘ಹೆಂಗ್ ಗೊತ್ತಾತು’ ಅನ್ನುವುದಕ್ಕೆ ಉತ್ತರ ಇರುವುದೇ ಆ ಅಡಿಟಿಪ್ಪಣಿಯಲ್ಲಿ.

ಎಲ್ಲ ಟಿಪ್ಪಣಿಗಳನ್ನೂ ನಡುನಡುವೆ ಓದುತ್ತಾ ಹೋದರೆ ವಾಕ್ಯದ ಎಳೆ ಕಡಿದುಹೋಗುತ್ತದೆ ಅನ್ನುವ ಆಕ್ಷೇಪ ನಿಜವೇ. ಇದಕ್ಕೆ ಗಮಕದವರ ದಾರಿ ಹಿಡಿಯಬೇಕು ಅಂತ ನನ್ನ ವಾದ. ಗಮಕದಲ್ಲಿ ಕಾವ್ಯವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಪದ್ಯ ಎಲ್ಲಿ ಮುಗಿಯಿತು, ವಿವರಣೆ ಎಲ್ಲಿ ಶುರುವಾಯಿತು ಅಂತ ಕೇಳುವವರಿಗೆ ಹೇಳಿಕೊಡುವುದೇ ಬೇಡ, ದನಿಯೇ ಹೇಳುತ್ತದೆ. ಅದೇ ರೀತಿ ಪುಸ್ತಕದ ಪಠ್ಯ ಒಂದು ದನಿಯಲ್ಲಿ, ಟಿಪ್ಪಣಿ, ಆಕರ, ನಕ್ಷೆ, ಚಿತ್ರಗಳ ವಿವರ ಇನ್ನೊಂದು ದನಿಯಲ್ಲಿ ಬರಲಿ. ಪ್ಯಾರಾ ಮುಗಿದ ಮೇಲೆ ಎರಡನೆಯ ದನಿ ಬರಲಿ. ಕುಮಾರವ್ಯಾಸ ಭಾರತವನ್ನು ಊರೂರಲ್ಲಿ ಹೀಗೆ ಕೇಳಿಕೊಂಡು ಬಂದ ಜನಕ್ಕೆ ಇದು ಹೊಸದೇನೂ ಅನ್ನಿಸುವುದಿಲ್ಲ.

ಚಿತ್ರ ಇರುವ ಪುಸ್ತಕಕ್ಕಂತೂ ಆ ಎರಡನೆಯ ದನಿ ಬೇಕೇ ಬೇಕು. ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ವಿನಲ್ಲಿ ಗಿಡಗಳ ಚಿತ್ರಗಳನ್ನು ಅವರೇ ಬರೆದಿದ್ದಾರೆ. ಎಲೆಯ ಜೋಡಣೆ, ಹೂವಿನ ಎಸಳು ಆ ಗೆರೆಗಳಲ್ಲಿವೆ. ಅಂಥ ಪುಸ್ತಕದ ಮಾತನ್ನು ಮಾತ್ರ ಓದಿ ಚಿತ್ರವನ್ನು ದಾಟಿಸಿದರೆ ಅರ್ಧ ಪುಸ್ತಕವನ್ನೇ ಕೊಟ್ಟ ಹಾಗೆ. ಗಿಡ ಬಲ್ಲವರೊಬ್ಬರು ಕೂತು ‘ಈ ಚಿತ್ರದಲ್ಲಿ ಎಲೆಗಳು ಎದುರುಬದುರಾಗಿವೆ’ ಅಂತ ಎರಡು ಸಾಲು ಹೇಳಿದರೆ ನನಗೂ ಕಾಣುತ್ತದೆ, ನನ್ನ ತಮ್ಮನಿಗೂ ಕಾಣುತ್ತದೆ.

ಈಗ ಸಾರಾಂಶದ ಆ್ಯಪುಗಳ ವಿಚಾರ. ‘ಇಡೀ ಪುಸ್ತಕ 15 ನಿಮಿಷದಲ್ಲಿ’ ಅಂತ ಜಾಹೀರಾತು ಬರುತ್ತದೆ. ನನ್ನ ಅಂಗಡಿಗೆ ಬರುವ ಕಾಲೇಜು ಹುಡುಗಿಯರು ಇವನ್ನೇ ಹೆಚ್ಚು ಕೇಳುವುದು. ನನಗೆ ಇದರ ಮೇಲೆ ನಿಜವಾಗಿಯೂ ಸಿಟ್ಟಿದೆ. ಲೇಖಕರು ಹತ್ತು ವರ್ಷ ಓಡಾಡಿ, ಹಳ್ಳಿ ತಿರುಗಿ, ಕಡತ ಬಿಚ್ಚಿ ಬರೆದ ಪುಸ್ತಕದಿಂದ ಆ ಓಡಾಟವನ್ನೆಲ್ಲ ತೆಗೆದುಹಾಕಿ, ಉಳಿದ ಐದು ತೀರ್ಮಾನಗಳನ್ನು ಬಾಯಿಪಾಠಕ್ಕೆ ಕೊಡುವುದು ಇದು. ತೀರ್ಮಾನ ಸರಿಯೋ ಅಲ್ಲವೋ ತೂಗಿ ನೋಡಲು ಕೇಳುಗರ ಕೈಯಲ್ಲಿ ಏನೂ ಇಲ್ಲ. ಅವರು ಹೇಳಿದರು, ಇವರು ನಂಬಿದರು. ‘ಟೈಮಿಲ್ಲ ಆಂಟಿ’ ಅಂತ ಒಬ್ಬಳು ಹೇಳಿದಳು. ಟೈಮಿಲ್ಲದಿದ್ದರೆ ಪೂರ್ತಿ ಪುಸ್ತಕದ ಒಂದೇ ಅಧ್ಯಾಯ ಕೇಳವ್ವ, ಒಂದು ವಿಚಾರವನ್ನಾದರೂ ಬುಡದಿಂದ ತಿಳ್ಕೊಂಡ ಹಾಗಾಗ್ತದೆ ಅಂದೆ. ಇವತ್ತಿಗೂ ನನ್ನ ಸಲಹೆ ಅದೇ. ಕನ್ನಡದಲ್ಲಿ ನಿಜ ಸಂಗತಿಯ ಆಡಿಯೋ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಯಶಸ್ಸಿನ ಸೂತ್ರ, ಶ್ರೀಮಂತರ ಅಭ್ಯಾಸ ಇಂಥವೇ. ನಮ್ಮ ಭಾಷೆಯಲ್ಲಿ ಶಾಸನ, ಸಸ್ಯ, ಕೃಷಿ, ರಂಗಭೂಮಿ, ಚಳವಳಿ ಎಲ್ಲದರ ಮೇಲೂ ಕಪಾಟುಗಟ್ಟಲೆ ಒಳ್ಳೆಯ ಪುಸ್ತಕಗಳಿರುವಾಗ ಈ ಬಡತನ ಯಾಕೆ?

ಯಂತ್ರದ ದನಿಯಿಂದ ಈ ಕೊರತೆ ತುಂಬಬಹುದು ಅನ್ನುವವರಿದ್ದಾರೆ. ನಾನು ಅದರ ವಿರೋಧಿಯಲ್ಲ, ಪತ್ರಿಕೆಯ ಲೇಖನಗಳನ್ನು ಫೋನಿನಿಂದಲೇ ಓದಿಸಿ ಕೇಳುತ್ತೇನೆ. ಆದರೆ ಕನ್ನಡದ್ದೇ ಆದ ಒಂದು ಅಡ್ಡಿ ಇದೆ. ನಮ್ಮ ಎಷ್ಟೋ ಪುಸ್ತಕಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿ ಅಚ್ಚಾದವು. ಅವುಗಳ ಪಿಡಿಎಫ್ ಪರದೆಯ ಮೇಲೆ ಚೆಂದದ ಕನ್ನಡವಾಗಿಯೇ ಕಾಣುತ್ತದೆ. ಒಳಗಿರುವುದು ರೋಮನ್ ಅಕ್ಷರಗಳು, ಚಿಹ್ನೆಗಳು. ಓದಿಸಲು ಹೋದರೆ ಗಿಜಿಬಿಜಿ. ಸ್ಕ್ಯಾನ್ ಮಾಡಿದ ಹಳೇ ಪುಸ್ತಕವಾದರೆ ಅದು ಬರೀ ಫೋಟೋ, ಅಕ್ಷರಗಳನ್ನು ಗುರುತಿಸಿ ತಿದ್ದುವ ಕೆಲಸ ಬೇರೆ. ನನ್ನ ತಮ್ಮನಂಥವರು ದಿನಾ ಹೊಡೆದಾಡುತ್ತಿರುವುದು ಇದರ ಜೊತೆಗೆ. ಭಾರತ 2012ರಲ್ಲೇ ಕಾಪಿರೈಟ್ ಕಾಯ್ದೆ ತಿದ್ದಿ ಇಂಥ ಓದುಗರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಅವಕಾಶ ಕೊಟ್ಟಿತು. ದೃಷ್ಟಿಯಿಲ್ಲದವರಿಗೆ ಪುಸ್ತಕ ಸಿಗಲಿ ಅಂತ ಆದ ಅಂತಾರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿತು, 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಕಾನೂನು ಇದೆ, ಜಾಗವೂ ಇದೆ. ಪ್ರಕಾಶಕರು ತಮ್ಮ ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸಿ ಕೊಟ್ಟರೆ ಅರ್ಧ ಕೆಲಸ ಆದಂತೆ.

ಆತ್ಮಕಥೆಗೆ ಮಾತ್ರ ನನ್ನ ನಿಯಮ ಬೇರೆ. ಅಲ್ಲಿ ತರಬೇತಿ ಪಡೆದ ಕಂಠ ಬೇಕಿಲ್ಲ, ಬರೆದವರೇ ಓದಲಿ. ಉಸಿರು ಸಿಕ್ಕಿಕೊಂಡರೂ, ಕೆಮ್ಮಿದರೂ ಪರವಾಗಿಲ್ಲ. ಅವರು ಬದುಕಿಲ್ಲದಿದ್ದರೆ ಆ ಸೀಮೆಯ ಮಾತು ಬಲ್ಲವರು ಓದಲಿ. ಬಳ್ಳಾರಿಯ ಬಾಲ್ಯವನ್ನೂ ಕುಂದಾಪುರದ ಬಾಲ್ಯವನ್ನೂ ಒಂದೇ ಬೆಂಗಳೂರಿನ ನಿರೂಪಕಿಯ ಕಂಠದಲ್ಲಿ ಕೇಳಿದರೆ ಮನುಷ್ಯರು ಮಾಯವಾಗುತ್ತಾರೆ. ನಮ್ಮಪ್ಪ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿದ್ದ ಕಾಲ. ಪಾಳಿ ಬದಲಾಗುವ ಸೈರನ್ನು, ಹತ್ತಿಯ ಧೂಳು, ಮುಷ್ಕರದ ದಿನಗಳ ಸಾಲ, ಮಂಡಕ್ಕಿ ಭಟ್ಟಿಯವರು ಉದ್ದರಿ ಕೊಟ್ಟದ್ದು ಎಲ್ಲ ಹೇಳುತ್ತಿದ್ದರು. ‘ನಾ ಕಂಡಿದ್ದು ಇಷ್ಟ, ಉಳಿದಿದ್ದು ಮಂದಿ ಹೇಳಿದ್ದು’ ಅಂತ ಅವರೇ ಬೇರೆ ಮಾಡಿ ಹೇಳುತ್ತಿದ್ದರು. ಅಂಥ ಮುದುಕರು ಊರಲ್ಲಿ ಇನ್ನೂ ಕೆಲವರಿದ್ದಾರೆ. ಅವರದು ಬರೆದ ಪುಸ್ತಕವಲ್ಲ, ನೇರವಾಗಿ ದನಿಯಲ್ಲೇ ಆಗಬೇಕಾದ ಪುಸ್ತಕ. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಫೋನಿನಲ್ಲೇ ಶುರು ಮಾಡಬಹುದು, ತಡ ಮಾಡಬಾರದು.

ನಾವೂ ಒಂದು ಕೆಲಸ ಹಿಡಿದಿದ್ದೇವೆ, ಅದನ್ನು ಹೇಳಿ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷದವರೆಗೆ ಕಾಪಿರೈಟ್ ಇರುತ್ತದೆ. ಆಲೂರು ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ. ಹಾಗಾಗಿ 1917ರಲ್ಲಿ ಹೊರಬಂದ ಅವರ ‘ಕರ್ನಾಟಕ ಗತವೈಭವ’ವನ್ನು 2025ರಿಂದ ಯಾರು ಬೇಕಾದರೂ ಓದಿ ದನಿಮುದ್ರಿಸಬಹುದು. ಕನ್ನಡ ನಾಡಿನ ಚರಿತ್ರೆಯನ್ನು ಕನ್ನಡಿಗರಿಗೇ ನೆನಪಿಸಲು ಬರೆದ ಪುಸ್ತಕ, ಅದರ ಮಾತಿನ ಓಟವೇ ಗಟ್ಟಿಯಾಗಿ ಓದಲು ಕರೆಯುತ್ತದೆ. ಪಠ್ಯ ನಾನು ಓದುತ್ತೇನೆ, ಟಿಪ್ಪಣಿಯ ದನಿ ತಮ್ಮನದು. ಆಮೇಲಿನ ಸಂಶೋಧನೆಯಿಂದ ಬದಲಾದ ವಿಚಾರ ಬಂದಲ್ಲಿ, ಪ್ಯಾರಾ ಮುಗಿದ ಮೇಲೆ ಅವನು ಅದನ್ನು ಎರಡು ವಾಕ್ಯದಲ್ಲಿ ಹೇಳುತ್ತಾನೆ. ಪ್ರತಿ ಪುಟದ ಸಂಖ್ಯೆ ಹೇಳುತ್ತೇವೆ. ಸಂಗೀತ ಇಲ್ಲ. ರೆಕಾರ್ಡಿಂಗ್ ಅಂಗಡಿ ಮುಚ್ಚಿದ ಮೇಲೆ, ಬಟ್ಟೆಯ ಥಾನುಗಳ ನಡುವೆ ಕೂತು ಮಾಡುತ್ತೇವೆ, ಅಲ್ಲಿ ಪ್ರತಿಧ್ವನಿ ಬರುವುದಿಲ್ಲ. ಹಳೇ ಧಾರವಾಡದ ಕಡೆಯ ಕೆಲವು ಪದಗಳ ಉಚ್ಚಾರ ಕೇಳಿ ತಿಳಿಯಬೇಕಾಗಿದೆ. ಆ ಸೀಮೆಯ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ವಾರಕ್ಕೊಂದು ಸಂಜೆ ಫೋನಿನಲ್ಲಿ ನಮ್ಮ ಓದನ್ನು ಕೇಳಿ ತಿದ್ದಿಕೊಡಿ. ಮೊದಲ ಅಧ್ಯಾಯ ಸಿದ್ಧವಾಗಿದೆ.